ಹೊದಿಕೆ: ಕಾಯುವ ಕವಚ, ಓದಬೇಕಾದ ಓಲೆ

ಐವತ್ತು ವರ್ಷಗಳ ಹಿಂದಿನ ಅಡುಗೆಮನೆಯನ್ನು ಬಲ್ಲ ಹಿರಿಯರು ಇಂದಿನ ಅಡುಗೆಮನೆಯನ್ನು ಹೊಕ್ಕರೆ ಮೊದಲು ಅವರ ಕಣ್ಣಿಗೆ ಬೀಳುವುದು ಪೊಟ್ಟಣಗಳ ಸಾಲು. ಅಂದು ಜೋಳ ಹೊಲದಿಂದ ಬರುತ್ತಿತ್ತು. ಕುಸುಬೆ ಎಣ್ಣೆ ಗಾಣದಿಂದ ಮನೆಯದೇ ತಂಬಿಗೆಯಲ್ಲಿ ಬರುತ್ತಿತ್ತು. ಬೆಲ್ಲ ಪೆಂಟೆಯಾಗಿ, ಉಪ್ಪು ಸೇರಿನ ಅಳತೆಯಲ್ಲಿ, ಹಾಲು ನೆರೆಯವರ ಕೊಟ್ಟಿಗೆಯಿಂದ ಬರುತ್ತಿದ್ದವು. ಕೊಳ್ಳುವವನು ಕಾಳನ್ನು ಅಂಗೈಯಲ್ಲಿ ಹರಡಿ ನೋಡುತ್ತಿದ್ದ, ಎಣ್ಣೆಯನ್ನು ಮೂಸಿ ನೋಡುತ್ತಿದ್ದ, ಬೆಲ್ಲವನ್ನು ನಾಲಗೆಗೆ ಹಚ್ಚಿ ನೋಡುತ್ತಿದ್ದ. ವಸ್ತುವೂ ಕಣ್ಣೆದುರಿಗಿತ್ತು, ಮಾರುವವನೂ ಕಣ್ಣೆದುರಿಗಿದ್ದ.

ಇಂದು ಹಿಟ್ಟು, ಬೇಳೆ, ಎಣ್ಣೆ, ಹಾಲು, ಉಪ್ಪು, ಔಷಧ ಎಲ್ಲವೂ ಮುಚ್ಚಿದ ಹೊದಿಕೆಯೊಳಗೆ ಮನೆಗೆ ಬರುತ್ತವೆ. ಒಳಗಿರುವುದನ್ನು ಮುಟ್ಟಿ, ಮೂಸಿ ನೋಡುವ ಅವಕಾಶವಿಲ್ಲ. ತಯಾರಿಸಿದವನು ಯಾವುದೋ ದೂರದ ಊರಿನಲ್ಲಿದ್ದಾನೆ. ಹೀಗಿರುವಾಗ ನಮಗೂ ಅವನಿಗೂ ನಡುವೆ ಉಳಿದಿರುವುದು ಆ ಹೊದಿಕೆಯೊಂದೇ. ಅದು ಒಳಗಿನ ವಸ್ತುವನ್ನು ಕೆಡದಂತೆ ಕಾಯಬೇಕು. ಒಳಗೆ ಏನಿದೆ, ಎಷ್ಟಿದೆ, ಎಂದಿನವರೆಗೆ ಬಳಸಬಹುದು ಎಂಬುದನ್ನು ಸತ್ಯವಾಗಿ ಹೇಳಬೇಕು. ಹೊದಿಕೆಯೆಂಬುದು ಕವಚವೂ ಹೌದು, ಓಲೆಯೂ ಹೌದು. ಕವಚ ಎಲ್ಲಿಯವರೆಗೆ ಕಾಯುತ್ತದೆ ಎಂಬುದನ್ನು ಅರಿಯದೆ, ಓಲೆಯಲ್ಲಿ ಬರೆದದ್ದನ್ನು ಓದದೆ ಹರಿದು ಎಸೆಯುವುದರಿಂದ ನಮ್ಮ ಆರೋಗ್ಯಕ್ಕೆ ಒದಗುವ ಹಾನಿ ಸಣ್ಣದಲ್ಲ. ಆದ್ದರಿಂದ ದಿನವೂ ಕೈಯಲ್ಲಿ ಹಿಡಿಯುವ ಈ ವಸ್ತುವಿನ ಕುರಿತು ತುಸು ವಿವೇಚಿಸುವುದು ಉಚಿತ.

ಹಗೇವಿನಿಂದ ಡಬ್ಬಿಯವರೆಗೆ

ಹೊದಿಕೆಯ ವಿದ್ಯೆ ನಮಗೆ ಹೊಸದಲ್ಲ. ತೆಂಗಿನಕಾಯಿಗೆ ಕರಟವನ್ನೂ ನಾರನ್ನೂ, ಬಾಳೆಹಣ್ಣಿಗೆ ಸಿಪ್ಪೆಯನ್ನೂ, ಶೇಂಗಾಕಾಳಿಗೆ ಸಿಪ್ಪೆಯ ಗೂಡನ್ನೂ ಕೊಟ್ಟ ನಿಸರ್ಗವೇ ಇದರ ಮೊದಲ ಗುರು. ಅದನ್ನು ನೋಡಿ ಕಲಿತ ನಮ್ಮ ಹಿರಿಯರು ಧಾನ್ಯಕ್ಕೆ ಕಣಜ, ಗುಡಾಣ, ಹಗೇವುಗಳನ್ನು ಕಲ್ಪಿಸಿದರು. ಬುತ್ತಿಗೆ ಬಟ್ಟೆಯನ್ನು, ಊಟಕ್ಕೆ ಮುತ್ತುಗದ ಎಲೆಯನ್ನು, ಕಡುಬಿಗೆ ಹಲಸಿನ ಎಲೆಯ ಕೊಟ್ಟೆಯನ್ನು ಬಳಸಿದರು.

ಉತ್ತರ ಕರ್ನಾಟಕದ ಹಗೇವನ್ನೇ ನೋಡೋಣ. ನೆಲದಲ್ಲಿ ತೋಡಿದ ಕುಣಿಯ ಒಳಮೈಗೆ ಹುಲ್ಲು ಹೊಂದಿಸಿ, ಜೋಳವನ್ನು ತುಂಬಿ, ಬಾಯಿಯನ್ನು ಮಣ್ಣಿನಿಂದ ಬಿಗಿಯಾಗಿ ಮುಚ್ಚುತ್ತಿದ್ದರು. ಒಳಗಿನ ಕಾಳು ಸಹ ಜೀವವುಳ್ಳದ್ದು. ಅದು ಉಸಿರಾಡಿ ಇದ್ದ ಆಮ್ಲಜನಕವನ್ನು ತೀರಿಸುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳು ಬದುಕುವುದಿಲ್ಲ. ಹಗೇವಿನ ಬಾಯಿ ತೆರೆದೊಡನೆ ಒಳಗಿಳಿಯದೆ ಗಾಳಿಯಾಡಲು ಬಿಡಬೇಕೆಂಬ ಎಚ್ಚರಿಕೆಗೆ ಕಾರಣವೂ ಇದೇ. ಇಂದು ಆಲೂಗಡ್ಡೆ ಚಿಪ್ಸ್‌ ಪೊಟ್ಟಣ ಉಬ್ಬಿರುವುದನ್ನು ಕಂಡು 'ಬರೀ ಗಾಳಿ ತುಂಬಿದ್ದಾರೆ' ಎಂದು ನಗುತ್ತೇವೆ. ಆ ಗಾಳಿ ಸಾರಜನಕ. ಎಣ್ಣೆಯಲ್ಲಿ ಕರಿದ ಪದಾರ್ಥಕ್ಕೆ ಆಮ್ಲಜನಕ ತಾಗಿದರೆ ಅದು ಕಮಟು ಹಿಡಿಯುತ್ತದೆಂದು ಸಾರಜನಕವನ್ನು ತುಂಬುತ್ತಾರೆ. ಹಗೇವು ಮತ್ತು ಈ ಪೊಟ್ಟಣ ಎರಡರ ತತ್ತ್ವವೂ ಒಂದೇ: ಕೆಡಿಸುವ ಗಾಳಿಯನ್ನು ದೂರವಿಡುವುದು.

ಬೇಯಿಸಿದ ಆಹಾರವನ್ನು ತಿಂಗಳುಗಟ್ಟಲೆ ಕೆಡದಂತೆ ಇಡುವ ಮಾರ್ಗವನ್ನು ಕಂಡುಹಿಡಿದವನು ಫ್ರಾನ್ಸ್ ದೇಶದ ನಿಕೊಲಾಸ್ ಅಪ್ಪೆರ್. ಆಹಾರವನ್ನು ಗಾಜಿನ ಬಾಟಲಿಯಲ್ಲಿ ತುಂಬಿ, ಬಿರಡೆಯಿಂದ ಭದ್ರವಾಗಿ ಮುಚ್ಚಿ, ಕುದಿಯುವ ನೀರಿನಲ್ಲಿ ಬೇಯಿಸುವುದು ಅವನ ಕ್ರಮ. 1810ರಲ್ಲಿ ಫ್ರೆಂಚ್ ಸರ್ಕಾರ ಅವನಿಗೆ 12,000 ಫ್ರಾಂಕ್‌ಗಳ ಬಹುಮಾನವಿತ್ತು, ತನ್ನ ವಿಧಾನವನ್ನು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಬೇಕೆಂಬ ಷರತ್ತನ್ನು ವಿಧಿಸಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡ್ಯೂರಾಂಡ್ ಎಂಬಾತ ತವರದ ಡಬ್ಬಿಗೆ ಹಕ್ಕುಪತ್ರ ಪಡೆದ. ಹೀಗೆ ಮಾಡಿದರೆ ಆಹಾರ ಏಕೆ ಕೆಡುವುದಿಲ್ಲ ಎಂಬುದು ಮಾತ್ರ ಆಗ ಯಾರಿಗೂ ತಿಳಿದಿರಲಿಲ್ಲ. ಕಣ್ಣಿಗೆ ಕಾಣದ ಜೀವಾಣುಗಳೇ ಆಹಾರ ಹಳಸಲು ಕಾರಣವೆಂದು ಲೂಯಿ ಪಾಶ್ಚರ್ ತೋರಿಸಿಕೊಟ್ಟದ್ದು ಅರ್ಧ ಶತಮಾನದ ನಂತರ.

ಕವಚದ ಕೆಲಸ ಮತ್ತು ಅದರ ಮಿತಿ

ಗಾಳಿ, ತೇವ, ಬೆಳಕು, ಶಾಖ, ಕ್ರಿಮಿಕೀಟ ಮತ್ತು ಸೂಕ್ಷ್ಮಜೀವಿ ಇವು ಆಹಾರದ ಶತ್ರುಗಳು. ಒಂದೊಂದು ಹೊದಿಕೆಯನ್ನೂ ಇವುಗಳಲ್ಲಿ ಕೆಲವನ್ನು ತಡೆಯಲೆಂದೇ ರೂಪಿಸಿರುತ್ತಾರೆ. ಬೆಳಕಿಗೆ ಕೆಡುವ ಔಷಧವನ್ನು ಕಂದುಬಣ್ಣದ ಬಾಟಲಿಯಲ್ಲಿ ಇಡುತ್ತಾರೆ. ಮಾತ್ರೆಯ ಡಬ್ಬಿಯೊಳಗಿನ ಸಣ್ಣ ಚೀಲದಲ್ಲಿರುವ ಸಿಲಿಕಾ ಹರಳು ತೇವವನ್ನು ಹೀರುತ್ತದೆ. ಅದನ್ನು ತಿನ್ನಬಾರದು, ಔಷಧ ಮುಗಿಯುವವರೆಗೆ ಎಸೆಯಲೂಬಾರದು. ಅಯೋಡಿನ್ ಸೇರಿಸಿದ ಉಪ್ಪಿನಲ್ಲಿರುವ ಅಯೋಡಿನ್ ತೇವ ಮತ್ತು ಶಾಖಕ್ಕೆ ಕ್ರಮೇಣ ನಷ್ಟವಾಗುತ್ತದೆ. ಪೊಟ್ಟಣ ಒಡೆದ ಉಪ್ಪನ್ನು ಒಲೆಯ ಪಕ್ಕದಲ್ಲಿ ಬಾಯಿತೆರೆದ ಮರಿಗೆಯಲ್ಲಿಟ್ಟರೆ ಗಳಗಂಡವನ್ನು ತಡೆಯಲೆಂದು ಸೇರಿಸಿದ ಅಂಶವೇ ಕಡಿಮೆಯಾಗುತ್ತದೆ. ಮುಚ್ಚಳವಿರುವ ಭರಣಿಯೇ ಅದಕ್ಕೆ ತಕ್ಕ ಸ್ಥಳ.

ಹಾಲಿನ ಎರಡು ಬಗೆಯ ಪೊಟ್ಟಣಗಳು ಈ ಮಾತನ್ನು ಇನ್ನಷ್ಟು ಸ್ಪಷ್ಟಪಡಿಸುತ್ತವೆ. ನಿತ್ಯ ಬೆಳಿಗ್ಗೆ ಬರುವ ಪ್ಲಾಸ್ಟಿಕ್ ಚೀಲದ ಹಾಲು ಪಾಶ್ಚರೀಕರಿಸಿದ್ದು. ರೋಗಕಾರಕ ಜೀವಾಣುಗಳು ಅದರಲ್ಲಿ ನಾಶವಾಗಿರುತ್ತವೆ, ಆದರೆ ಎಲ್ಲ ಸೂಕ್ಷ್ಮಜೀವಿಗಳೂ ಅಲ್ಲ. ಆದ್ದರಿಂದ ತಂಪಿನಲ್ಲಿಟ್ಟು ಬೇಗ ಬಳಸಬೇಕು. ಕಾಗದದ ಪೆಟ್ಟಿಗೆಯಲ್ಲಿ ಬರುವ ಹಾಲನ್ನು 135 ಡಿಗ್ರಿ ಸೆಲ್ಸಿಯಸ್‌ಗೂ ಮಿಗಿಲಾದ ಶಾಖದಲ್ಲಿ ಕೆಲವೇ ಸೆಕೆಂಡು ಕಾಯಿಸಿ, ಕ್ರಿಮಿರಹಿತ ವಾತಾವರಣದಲ್ಲಿ ತುಂಬಿರುತ್ತಾರೆ. ಕಾಗದ, ಪ್ಲಾಸ್ಟಿಕ್ ಮತ್ತು ತೆಳುವಾದ ಅಲ್ಯೂಮಿನಿಯಂ ಪದರಗಳುಳ್ಳ ಆ ಪೆಟ್ಟಿಗೆ ಬೆಳಕನ್ನೂ ಗಾಳಿಯನ್ನೂ ತಡೆಯುವುದರಿಂದ ತಂಪಿಲ್ಲದೆಯೂ ಹಾಲು ತಿಂಗಳುಗಟ್ಟಲೆ ಉಳಿಯುತ್ತದೆ. ಒಮ್ಮೆ ಅದರ ಮೂಲೆಯನ್ನು ಕತ್ತರಿಸಿದೆವೆಂದರೆ ಆ ರಕ್ಷಣೆ ಮುಗಿಯಿತು. ಅದೂ ಇತರ ಹಾಲಿನಂತೆಯೇ ಕೆಡುತ್ತದೆ. ಪೆಟ್ಟಿಗೆಯ ಮೇಲೆ ಮುದ್ರಿಸಿದ ದಿನಾಂಕ ತೆರೆಯದ ಪೆಟ್ಟಿಗೆಗೆ ಮಾತ್ರ ಅನ್ವಯಿಸುತ್ತದೆ. ಹಣ್ಣಿನ ರಸ, ಸಾಸ್, ಉಪ್ಪಿನಕಾಯಿ, ಮಕ್ಕಳ ಆಹಾರ ಇವೆಲ್ಲಕ್ಕೂ ಇದೇ ನಿಯಮ.

ಮುದ್ರೆ ಒಡೆದಿದೆಯೇ ಎಂದು ನೋಡಿ ಕೊಳ್ಳುವುದು ಇನ್ನೊಂದು ಮುಖ್ಯ ಸಂಗತಿ. ಇದರ ಮಹತ್ವವನ್ನು ಜಗತ್ತು ಅರಿತದ್ದು ದೊಡ್ಡ ಬೆಲೆ ತೆತ್ತು. 1982ರಲ್ಲಿ ಅಮೆರಿಕದ ಶಿಕಾಗೋ ಪ್ರದೇಶದಲ್ಲಿ ಯಾರೋ ದುರುಳರು ಅಂಗಡಿಗಳಲ್ಲಿದ್ದ ಟೈಲೆನಾಲ್ ಎಂಬ ನೋವಿನ ಗುಳಿಗೆಗಳ ಬಾಟಲಿಗಳನ್ನು ತೆರೆದು, ಗುಳಿಗೆಗಳಲ್ಲಿ ಸಯನೈಡ್ ಬೆರೆಸಿ ಮತ್ತೆ ಇಟ್ಟರು. 7 ಜನ ಪ್ರಾಣ ಕಳೆದುಕೊಂಡರು. ಬಾಟಲಿ ತೆರೆದದ್ದು ಕೊಂಡವರಿಗೆ ತಿಳಿಯುವ ಯಾವ ಗುರುತೂ ಆಗ ಇರಲಿಲ್ಲ. ಮುಚ್ಚಳದ ಕೆಳಗಿನ ಹಾಳೆ, ಕುತ್ತಿಗೆಗೆ ಬಿಗಿದ ಪ್ಲಾಸ್ಟಿಕ್ ಪಟ್ಟಿ, ತಿರುಗಿಸಿದೊಡನೆ ಮುರಿಯುವ ಉಂಗುರ ಇವೆಲ್ಲ ವ್ಯಾಪಕವಾಗಿ ಬಳಕೆಗೆ ಬಂದದ್ದು ಆ ದುರಂತದ ನಂತರ. ಬಸ್ ನಿಲ್ದಾಣದಲ್ಲಿ ನೀರಿನ ಬಾಟಲಿ ಕೊಳ್ಳುವಾಗ ಮುಚ್ಚಳದ ಉಂಗುರ ಅಖಂಡವಾಗಿದೆಯೇ ಎಂದು ನೋಡುವುದು ಕ್ಷಣದ ಕೆಲಸ. ಉಬ್ಬಿದ ಡಬ್ಬಿ, ಸೋರುವ ಚೀಲ, ತುಕ್ಕು ಹಿಡಿದ ಮುಚ್ಚಳ ಇವುಗಳನ್ನು ಅರ್ಧ ಬೆಲೆಗೆ ಕೊಟ್ಟರೂ ಕೊಳ್ಳಬಾರದು. ಉಬ್ಬಿದ ಡಬ್ಬಿಯೊಳಗೆ ಮಾರಕ ವಿಷವನ್ನುಂಟುಮಾಡುವ ಜೀವಾಣು ಬೆಳೆದಿರಬಹುದು.

ಓಲೆಯ ಮುಂಭಾಗ, ಹಿಂಭಾಗ

ಪೊಟ್ಟಣದ ಮುಂಭಾಗ ಕೊಳ್ಳುವವರನ್ನು ಕರೆಯುವುದಕ್ಕಿದೆ. ಹಸಿರು ಹೊಲ, ಹಾಲಿನ ಧಾರೆ, ಓಡುವ ಬಾಲಕ, ನಗುವ ತಾಯಿ ಅಲ್ಲಿರುತ್ತಾರೆ. ಕಾನೂನು ಕಡ್ಡಾಯಪಡಿಸಿದ ವಿವರಗಳಲ್ಲಿ ಹೆಚ್ಚಿನವು ಹಿಂಭಾಗದಲ್ಲಿ, ಸಣ್ಣ ಅಕ್ಷರಗಳಲ್ಲಿ ಇರುತ್ತವೆ. ಆರೋಗ್ಯವನ್ನು ಬಯಸುವವರು ಪೊಟ್ಟಣವನ್ನು ತಿರುಗಿಸಿ ಓದುವುದನ್ನು ರೂಢಿಸಿಕೊಳ್ಳಬೇಕು.

ಮೊದಲು ನೋಡಬೇಕಾದದ್ದು ಒಳಗಿನ ಪದಾರ್ಥಗಳ ಪಟ್ಟಿ. ಪ್ರಮಾಣದಲ್ಲಿ ಹೆಚ್ಚಿರುವುದು ಮೊದಲು, ಕಡಿಮೆಯಿರುವುದು ಕೊನೆಗೆ ಎಂಬ ಇಳಿಕೆಯ ಕ್ರಮದಲ್ಲಿ ಅದನ್ನು ಬರೆಯಬೇಕೆಂಬುದು ನಿಯಮ. 'ರಾಗಿ ಬಿಸ್ಕತ್ತು' ಎಂದು ಮುಂಭಾಗದಲ್ಲಿ ದೊಡ್ಡದಾಗಿ ಬರೆದಿರಬಹುದು. ಹಿಂಭಾಗದ ಪಟ್ಟಿಯಲ್ಲಿ 'ರಿಫೈನ್ಡ್ ವೀಟ್ ಫ್ಲೋರ್', ಸಕ್ಕರೆ, ತಾಳೆ ಎಣ್ಣೆ ಇವು ಮೊದಲು ಬಂದು, ರಾಗಿ ನಾಲ್ಕನೆಯದಾಗಿ ಬಂದರೆ ನಾವು ಕೊಂಡದ್ದು ಮೈದಾ ಬಿಸ್ಕತ್ತು. ರಿಫೈನ್ಡ್ ವೀಟ್ ಫ್ಲೋರ್ ಎಂದರೆ ಮೈದಾ. ಗ್ಲೂಕೋಸ್ ಸಿರಪ್, ಇನ್ವರ್ಟ್ ಸಿರಪ್, ಡೆಕ್ಸ್‌ಟ್ರೋಸ್ ಇವು ಸಕ್ಕರೆಯ ಬೇರೆ ಹೆಸರುಗಳು. ಮಾಲ್ಟೋಡೆಕ್ಸ್‌ಟ್ರಿನ್ ಸಿಹಿಯಾಗಿ ತೋರದಿದ್ದರೂ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಮಧುಮೇಹವುಳ್ಳವರು ಈ ಹೆಸರುಗಳನ್ನು ನೆನಪಿನಲ್ಲಿಡಬೇಕು. ಕೆಲವು ಕಂದು ಬ್ರೆಡ್ಡುಗಳ ಬಣ್ಣ ಗೋಧಿಯ ತೌಡಿನಿಂದ ಬಂದದ್ದೋ ಕ್ಯಾರಮೆಲ್ ಎಂಬ ಬಣ್ಣದಿಂದ ಬಂದದ್ದೋ ಎಂಬುದನ್ನೂ ಈ ಪಟ್ಟಿಯೇ ಹೇಳುತ್ತದೆ.

ಎರಡನೆಯದು ಪೋಷಕಾಂಶಗಳ ಕೋಷ್ಟಕ. ಇಲ್ಲಿ ಹೆಚ್ಚಿನವರು ಎಡವುವುದು ಸೋಡಿಯಂ ಎಂಬ ಶಬ್ದದಲ್ಲಿ. ಸೋಡಿಯಂನ ಪ್ರಮಾಣವನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ದೊರೆಯುತ್ತದೆ. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪನ್ನು ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ಒಂದು ಸಣ್ಣ ಚಮಚೆಯಷ್ಟು. ಯಾವುದೋ ಒಂದು ತಿನಿಸಿನ 100 ಗ್ರಾಂನಲ್ಲಿ 1200 ಮಿಲಿಗ್ರಾಂ ಸೋಡಿಯಂ ಇದೆಯೆಂದು ಬರೆದಿದೆ ಎನ್ನೋಣ. 70 ಗ್ರಾಂ ತೂಕದ ಪೊಟ್ಟಣವನ್ನು ಒಬ್ಬರೇ ತಿಂದರೆ ದೇಹಕ್ಕೆ 840 ಮಿಲಿಗ್ರಾಂ ಸೋಡಿಯಂ, ಅಂದರೆ 2 ಗ್ರಾಂಗೂ ಮಿಗಿಲಾದ ಉಪ್ಪು ಸೇರಿತು. ಇಡೀ ದಿನದ ಮಿತಿಯ ಐದರಲ್ಲಿ ಎರಡು ಪಾಲು ಸಂಜೆಯ ಒಂದು ತಿಂಡಿಯಲ್ಲೇ ಮುಗಿಯಿತು. ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತ, ಸಾರಿಗೆ ಉಪ್ಪು ಕಡಿಮೆ ಮಾಡಿಕೊಂಡು, ಇಂಥ ಪೊಟ್ಟಣವನ್ನು ಲೆಕ್ಕಕ್ಕೆ ಹಿಡಿಯದವರು ಎಷ್ಟೋ ಜನ. ಕೋಷ್ಟಕದ ಅಂಕಿಗಳು 100 ಗ್ರಾಂಗೆ ಸಂಬಂಧಿಸಿದವೋ ಒಂದು ಬಾರಿ ಬಡಿಸುವ ಪ್ರಮಾಣಕ್ಕೆ ಸಂಬಂಧಿಸಿದವೋ ಎಂಬುದನ್ನೂ ಗಮನಿಸಬೇಕು.

ಹಾಲಿನ ಚೀಲದ ಮೇಲಿನ ಬರಹವೂ ಹೀಗೆಯೇ ಅರ್ಥವುಳ್ಳದ್ದು. 'ಟೋನ್ಡ್' ಎಂದರೆ ಶೇ 3ರಷ್ಟು, 'ಡಬಲ್ ಟೋನ್ಡ್' ಎಂದರೆ ಶೇ 1.5ರಷ್ಟು, 'ಸ್ಟ್ಯಾಂಡರ್ಡೈಸ್ಡ್' ಎಂದರೆ ಶೇ 4.5ರಷ್ಟು, 'ಫುಲ್ ಕ್ರೀಮ್' ಎಂದರೆ ಶೇ 6ರಷ್ಟು ಕನಿಷ್ಠ ಕೊಬ್ಬು ಇರಬೇಕೆಂಬುದು ನಿಯಮ. ಹೃದ್ರೋಗವುಳ್ಳ ಹಿರಿಯರಿಗೆ ಯಾವುದು, ಬೆಳೆಯುವ ಮಗುವಿಗೆ ಯಾವುದು ಎಂಬುದನ್ನು ವೈದ್ಯರಲ್ಲಿ ಕೇಳಿ ಆರಿಸಲು ಇದು ನೆರವಾಗುತ್ತದೆ.

ಮೂರನೆಯದು ದಿನಾಂಕ. 'ಯೂಸ್ ಬೈ' ಅಥವಾ 'ಎಕ್ಸ್‌ಪೈರಿ' ಎಂದಿದ್ದರೆ ಆ ದಿನದ ನಂತರ ಬಳಸುವಂತಿಲ್ಲ. 'ಬೆಸ್ಟ್ ಬಿಫೋರ್' ಎಂದಿದ್ದರೆ ಅಲ್ಲಿಯವರೆಗೆ ರುಚಿ, ಗುಣಗಳು ಪೂರ್ಣವಾಗಿ ಇರುತ್ತವೆಂದು ಅರ್ಥ. ಇವುಗಳೊಡನೆ ನಿವ್ವಳ ತೂಕ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆ, ತಯಾರಕರ ವಿಳಾಸ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಇರಬೇಕು. ಸಸ್ಯಾಹಾರಿಗಳಾದವರು ಹಸಿರು ಚೌಕದೊಳಗಿನ ಹಸಿರು ವೃತ್ತವನ್ನು ಗುರುತಿಸಿಕೊಳ್ಳಬೇಕು. ಕಂದು ಚೌಕದೊಳಗಿನ ಕಂದು ತ್ರಿಕೋನ ಮಾಂಸಾಹಾರದ ಚಿಹ್ನೆ. ಕೇಕು, ಜೆಲ್ಲಿ, ವಿದೇಶಿ ಚಾಕೊಲೇಟುಗಳನ್ನು ಕೊಳ್ಳುವಾಗ ಈ ಚಿಹ್ನೆಯನ್ನು ನೋಡದೆ ಮಕ್ಕಳ ಕೈಗೆ ಕೊಡಬಾರದು. ಹಸಿರು ವೃತ್ತ ಸಸ್ಯಮೂಲವನ್ನು ಸೂಚಿಸುತ್ತದೆಯೇ ಹೊರತು ಆರೋಗ್ಯಕರವೆಂಬುದನ್ನಲ್ಲ ಎಂಬುದೂ ನೆನಪಿರಲಿ.

ಇನ್ನು ಮುಂಭಾಗದ ಘೋಷಣೆಗಳು. 'ಕೊಲೆಸ್ಟರಾಲ್ ಇಲ್ಲ' ಎಂದು ಶೇಂಗಾ ಎಣ್ಣೆಯ ಮೇಲೆ ಬರೆದರೆ ಅದು ಸುಳ್ಳಲ್ಲ. ಆದರೆ ಸಸ್ಯಜನ್ಯ ಎಣ್ಣೆಗಳಲ್ಲಿ ಕೊಲೆಸ್ಟರಾಲ್ ಇರುವುದೇ ಇಲ್ಲವೆನ್ನುವಷ್ಟು ಅತ್ಯಲ್ಪ. ಆ ಎಣ್ಣೆಯ ವಿಶೇಷವೇನೂ ಅದರಲ್ಲಿಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚನೆ ನೀಡಿ, ಮಕ್ಕಳ ಪುಡಿಪಾನೀಯಗಳೇ ಮೊದಲಾದವನ್ನು 'ಆರೋಗ್ಯ ಪೇಯ'ಗಳ ಪಟ್ಟಿಯಿಂದ ತೆಗೆಯುವಂತೆ ಹೇಳಿತು. ಆಹಾರ ಸುರಕ್ಷತಾ ಕಾಯಿದೆಯಲ್ಲಿ ಆರೋಗ್ಯ ಪೇಯವೆಂಬುದಕ್ಕೆ ವ್ಯಾಖ್ಯೆಯೇ ಇಲ್ಲವೆಂಬುದು ಅದಕ್ಕೆ ಕಾರಣ. ಅದೇ ವರ್ಷದ ಜೂನ್‌ನಲ್ಲಿ ಆಹಾರ ಪ್ರಾಧಿಕಾರವು, ಗಟ್ಟಿರಸಕ್ಕೆ ನೀರು ಸೇರಿಸಿ ಮಾಡಿದ ಪಾನೀಯದ ಮೇಲೆ 'ಶೇ 100 ಹಣ್ಣಿನ ರಸ' ಎಂದು ಬರೆಯುವುದನ್ನು ಕೈಬಿಡಲು ಆದೇಶಿಸಿತು. ಮುಂಭಾಗದ ಮಾತನ್ನು ಹಿಂಭಾಗದ ಪಟ್ಟಿಯೊಡನೆ ಹೋಲಿಸಿ ನೋಡುವ ಅಗತ್ಯವನ್ನು ಈ ಆದೇಶಗಳೇ ಸಾರುತ್ತವೆ.

ಚಿತ್ರದ ಬಲವನ್ನು ಕಾನೂನೂ ಅರಿತಿದೆ. ಶಿಶುಗಳ ಹಾಲಿನ ಪುಡಿಯ ಡಬ್ಬಿಯ ಮೇಲೆ ಮಗುವಿನ ಅಥವಾ ತಾಯಿಯ ಚಿತ್ರ ಹಾಕುವುದನ್ನು 1992ರ ಶಿಶು ಆಹಾರ ಕಾಯಿದೆ ನಿಷೇಧಿಸಿದೆ. ತಾಯಿಯ ಹಾಲೇ ಶ್ರೇಷ್ಠವೆಂಬ ಒಕ್ಕಣೆ ಅದರ ಮೇಲೆ ಇರಲೇಬೇಕು. ದುಂಡು ಮಗುವಿನ ಚಿತ್ರವನ್ನು ಕಂಡು ತಾಯಂದಿರು ಎದೆಹಾಲನ್ನು ಬಿಡಿಸಬಾರದೆಂಬುದೇ ಇದರ ಆಶಯ. ತಂಬಾಕಿನ ಪೊಟ್ಟಣದ ಮೇಲೆ ಶೇ 85ರಷ್ಟು ಭಾಗದಲ್ಲಿ ರೋಗದ ಚಿತ್ರವಿರಬೇಕೆಂಬ ನಿಯಮ 2016ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. 2017ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಗೊಳಿಸಿತು. ಮರುತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ನಮ್ಮ ರಾಜ್ಯ 2013ರಲ್ಲಿ ಗುಟ್ಕಾ ನಿಷೇಧಿಸಿದ ಮೇಲೆ, ಪಾನ್ ಮಸಾಲೆ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದು ಪೊಟ್ಟಣದಲ್ಲಿ ಜೋಡಿಯಾಗಿ ಮಾರಾಟಕ್ಕೆ ಬಂದವು. ಎರಡು ಪೊಟ್ಟಣವಾದ ಮಾತ್ರಕ್ಕೆ ಬಾಯಿಯ ಕ್ಯಾನ್ಸರ್ ದೂರವಾಗುವುದಿಲ್ಲ. ಕೆಲವೇ ರೂಪಾಯಿಗೆ ಸಿಗುವ ಸಣ್ಣ ಪೊಟ್ಟಣ ಶಾಲಾ ಬಾಲಕನ ಜೇಬಿನಲ್ಲೂ ಅಡಗಬಲ್ಲದು ಎಂಬುದನ್ನು ಪಾಲಕರು ಗಮನದಲ್ಲಿಡಬೇಕು.

ಔಷಧದ ಹಾಳೆ

ಆಹಾರದ ಹೊದಿಕೆಯನ್ನು ಓದದಿದ್ದರೆ ಹಾನಿ ನಿಧಾನವಾಗಿ ಬರುತ್ತದೆ. ಔಷಧದ ಹೊದಿಕೆಯನ್ನು ಓದದಿದ್ದರೆ ಒಂದೇ ದಿನದಲ್ಲಿ ಬರಬಹುದು. ಹತ್ತು ಮಾತ್ರೆಗಳ ಹಾಳೆಯಲ್ಲಿ ಅವಧಿ ಮುಗಿಯುವ ದಿನಾಂಕವನ್ನು ಹೆಚ್ಚಾಗಿ ಒಂದು ತುದಿಯಲ್ಲಿ ಮುದ್ರಿಸಿರುತ್ತಾರೆ. ಅಂಗಡಿಯವರು ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟಾಗ ಆ ತುದಿ ಬರದೆ ಹೋಗಬಹುದು. ದಿನಾಂಕವನ್ನು ಕೇಳಿ ತಿಳಿದು, ರಸೀದಿಯ ಮೇಲೋ ಹಾಳೆಯ ಮೇಲೋ ಬರೆದುಕೊಳ್ಳುವುದು ಲೇಸು. ಮನೆಯಲ್ಲಿ ಹಾಳೆಯನ್ನು ಬಳಸುವಾಗ ದಿನಾಂಕವಿಲ್ಲದ ತುದಿಯಿಂದ ಆರಂಭಿಸಿದರೆ ಕೊನೆಯ ಮಾತ್ರೆಯವರೆಗೂ ಗುರುತು ಉಳಿಯುತ್ತದೆ. ತಿಂಗಳು ಮತ್ತು ವರ್ಷ ಮಾತ್ರ ಇದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಬಳಸಬಹುದೆಂದು ಅರ್ಥ.

ಕಂಪನಿ ಇಟ್ಟ ಹೆಸರಿನ ಜೊತೆಯಲ್ಲಿ ಔಷಧದ ಮೂಲ ಹೆಸರೂ ಇರುತ್ತದೆ. ನಾವು ತಿಳಿಯಬೇಕಾದದ್ದು ಮೂಲ ಹೆಸರನ್ನು. ಜ್ವರಕ್ಕೆಂದು ಒಂದು, ಮೈಕೈ ನೋವಿಗೆಂದು ಇನ್ನೊಂದು, ನೆಗಡಿಗೆಂದು ಮತ್ತೊಂದು ಮಾತ್ರೆ ನುಂಗಿದಾಗ ಮೂರರಲ್ಲೂ ಪ್ಯಾರಾಸಿಟಮಾಲ್ ಇರಬಹುದು. ಮಿತಿ ಮೀರಿದ ಪ್ಯಾರಾಸಿಟಮಾಲ್ ಯಕೃತ್ತನ್ನು ಹಾಳುಗೆಡವುತ್ತದೆ. ಇದಕ್ಕೆ ಪ್ರತಿಯಾಗಿ, ಜನೌಷಧಿ ಕೇಂದ್ರದಲ್ಲಿ ದೊರೆತ ಹಾಳೆಯ ಬಣ್ಣ ಬೇರೆಯೆಂದು ಹಿರಿಯರು ಔಷಧವನ್ನೇ ನಿಲ್ಲಿಸುವುದುಂಟು, ಅಥವಾ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ನುಂಗುವುದುಂಟು. ಮೂಲ ಹೆಸರೂ ಮಿಲಿಗ್ರಾಂ ಪ್ರಮಾಣವೂ ಒಂದೇ ಇದ್ದರೆ ಔಷಧ ಒಂದೇ.

ಹಾಳೆಯ ಮೇಲೆ 'ಆರ್‌ಎಕ್ಸ್' ಚಿಹ್ನೆ ಇದ್ದರೆ, ಉದ್ದಕ್ಕೆ ಕೆಂಪು ಗೆರೆ ಇದ್ದರೆ, ವೈದ್ಯರ ಚೀಟಿಯಿಲ್ಲದೆ ಬಳಸಬಾರದೆಂದು ತಿಳಿಯಬೇಕು. ಪ್ರತಿಜೀವಕಗಳನ್ನು ಮನಬಂದಂತೆ ನುಂಗಿ, ಅವು ರೋಗಾಣುಗಳ ಮೇಲೆ ಕೆಲಸ ಮಾಡದಂತಾಗುವುದನ್ನು ತಡೆಯಲು 2016ರಲ್ಲಿ ಕೇಂದ್ರ ಸರ್ಕಾರ ಈ ಕೆಂಪು ಗೆರೆಯ ಪ್ರಚಾರವನ್ನು ಕೈಗೊಂಡಿತು. ಮಕ್ಕಳಿಗೆ ಕೊಡುವ, ನೀರು ಬೆರೆಸಿ ಮಾಡುವ ಪ್ರತಿಜೀವಕದ ಸಿರಪ್ ಬೆರೆಸಿದ ನಂತರ ಕೆಲವೇ ದಿನಗಳವರೆಗೆ ಗುಣ ಉಳಿಸಿಕೊಳ್ಳುತ್ತದೆ. ಎಷ್ಟು ದಿನವೆಂಬುದು ಬಾಟಲಿಯ ಮೇಲಿರುತ್ತದೆ. ಕಣ್ಣಿನ ಹನಿಯನ್ನು ತೆರೆದ ಮೇಲೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಬಳಸಿ ಎಸೆಯಬೇಕು. ತೆರೆದ ದಿನವನ್ನು ಬಾಟಲಿಯ ಮೇಲೆಯೇ ಬರೆದಿಟ್ಟರೆ ಗೊಂದಲವಿಲ್ಲ.

ರೈತರ ಮನೆಯಲ್ಲಿ ವಿಶೇಷ ಎಚ್ಚರ

ನಮ್ಮ ಭಕ್ತರಲ್ಲಿ ಬಹುಪಾಲು ಕೃಷಿಕರಾದುದರಿಂದ ಕೀಟನಾಶಕದ ಡಬ್ಬಿಯ ವಿಷಯವನ್ನು ಹೇಳಲೇಬೇಕು. ಅದರ ಮೇಲೆ ಮೂಲೆಯ ಮೇಲೆ ನಿಲ್ಲಿಸಿದ ಚೌಕದಂಥ ಚಿಹ್ನೆಯಿದ್ದು, ಅದರ ಕೆಳಗಿನ ಅರ್ಧ ಬಣ್ಣದ್ದಾಗಿರುತ್ತದೆ. ಕೆಂಪು ಅತ್ಯಂತ ಘೋರ ವಿಷ, ಹಳದಿ ಅದಕ್ಕಿಂತ ಕಡಿಮೆ, ಆದರೂ ತೀವ್ರ ವಿಷ, ನೀಲಿ ಮಧ್ಯಮ, ಹಸಿರು ಅಲ್ಪ. ಆಹಾರದ ಪೊಟ್ಟಣದ ಹಸಿರು ಚಿಹ್ನೆಯನ್ನು ಕಂಡು ರೂಢಿಯಾದ ಕಣ್ಣಿಗೆ ಇಲ್ಲಿಯ ಹಸಿರೂ ನಿರಪಾಯವೆಂದು ತೋರಬಹುದು. ಹಾಗೆ ತಿಳಿಯಬಾರದು. ಹಸಿರು ತ್ರಿಕೋನವಿರುವುದೂ ವಿಷವೇ.

ಕೀಟನಾಶಕ, ಸೀಮೆಎಣ್ಣೆ, ಫಿನೈಲ್, ಆಸಿಡ್ ಇವುಗಳನ್ನು ತಂಪುಪಾನೀಯದ ಅಥವಾ ನೀರಿನ ಬಾಟಲಿಗೆ ಸುರಿದಿಡುವ ಪದ್ಧತಿ ಹಳ್ಳಿ, ಪಟ್ಟಣಗಳೆರಡರಲ್ಲೂ ಇದೆ. ಹೊದಿಕೆ ಹೇಳಬೇಕಾದ ಸತ್ಯವನ್ನು ನಾವೇ ಅಳಿಸಿ, ಅದರ ಬಾಯಲ್ಲಿ ಸುಳ್ಳನ್ನು ತುಂಬಿದಂತೆ ಇದು. ಬಾಯಾರಿದ ಮಗು ಬಾಟಲಿಯ ಆಕಾರವನ್ನು ನಂಬುತ್ತದೆ. ರಾತ್ರಿ ಕತ್ತಲಲ್ಲಿ ದೊಡ್ಡವರೂ ನಂಬುತ್ತಾರೆ. ಅಕಸ್ಮಾತ್ ಹೀಗಾದರೆ ವಾಂತಿ ಮಾಡಿಸಲು ಹೋಗಬಾರದು. ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿಯಾದರೆ ಅದು ಶ್ವಾಸಕೋಶವನ್ನು ಸೇರಿ ಅಪಾಯ ಹೆಚ್ಚುತ್ತದೆ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು, ಜೊತೆಗೆ ಡಬ್ಬಿಯನ್ನೂ ಒಯ್ಯಬೇಕು. ಯಾವ ವಿಷ, ಯಾವ ಪ್ರತಿವಿಷ ಎಂಬುದು ವೈದ್ಯರಿಗೆ ಆ ಡಬ್ಬಿಯ ಬರಹದಿಂದ ಬೇಗ ತಿಳಿಯುತ್ತದೆ. ಖಾಲಿಯಾದ ಡಬ್ಬಿಯನ್ನು ಎಷ್ಟು ತೊಳೆದರೂ ನೀರಿಗಾಗಲಿ, ಬೀಜಕ್ಕಾಗಲಿ, ಬೇಳೆಗಾಗಲಿ ಬಳಸಬಾರದು.

ಕಾಯುವುದೇ ಕಾಡಿದಾಗ

ಕೆಲವೊಮ್ಮೆ ಹೊದಿಕೆಯೇ ಆಹಾರವನ್ನು ಕೆಡಿಸುತ್ತದೆ. ಬಜ್ಜಿ, ಮಿರ್ಚಿ, ಚುರುಮುರಿಗಳನ್ನು ವರ್ತಮಾನಪತ್ರಿಕೆಯಲ್ಲಿ ಕಟ್ಟಿಕೊಡುವುದು ಎಲ್ಲೆಡೆ ಕಾಣುವ ರೂಢಿ. ಬಿಸಿ ಎಣ್ಣೆ ತಾಗಿದೊಡನೆ ಮುದ್ರಣದ ಶಾಯಿಯಲ್ಲಿರುವ ರಾಸಾಯನಿಕಗಳು ತಿನಿಸಿಗೆ ಇಳಿಯುತ್ತವೆ. 2016ರ ಡಿಸೆಂಬರ್‌ನಲ್ಲಿ ಆಹಾರ ಪ್ರಾಧಿಕಾರ ಈ ಬಗ್ಗೆ ಎಚ್ಚರಿಸಿತು. 2018ರ ಹೊದಿಕೆ ನಿಯಮಾವಳಿ ವರ್ತಮಾನಪತ್ರಿಕೆಯಲ್ಲಿ ಆಹಾರ ಕಟ್ಟುವುದನ್ನು ನಿಷೇಧಿಸಿತು. ಕರಿದದ್ದನ್ನು ಪತ್ರಿಕೆಯ ಮೇಲೆ ಹರಡಿ ಎಣ್ಣೆ ಹೀರಿಸುವ ನಮ್ಮ ಮನೆಗಳ ಪದ್ಧತಿಯನ್ನೂ ಬಿಡಬೇಕು. ತೂತಿನ ತಟ್ಟೆ ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ.

ಹೋಟೆಲಿನಿಂದ ಕುದಿಯುವ ಸಾಂಬಾರನ್ನೂ ಚಹಾವನ್ನೂ ತೆಳು ಪ್ಲಾಸ್ಟಿಕ್ ಚೀಲದಲ್ಲಿ ತರುವುದು ಇನ್ನೊಂದು ರೂಢಿ. ಶಾಖ, ಎಣ್ಣೆ ಮತ್ತು ಹುಳಿ ಈ ಮೂರೂ ಸೇರಿದಾಗ ಪ್ಲಾಸ್ಟಿಕ್ಕಿನ ಅಂಶಗಳು ಆಹಾರಕ್ಕೆ ಸೇರುವುದು ಹೆಚ್ಚುತ್ತದೆ; ಸಾಂಬಾರಿನಲ್ಲಿ ಮೂರೂ ಇವೆ. 2025ರ ಫೆಬ್ರುವರಿಯಲ್ಲಿ, ಕೆಲವು ಹೋಟೆಲುಗಳು ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುತ್ತಿರುವುದು ರಾಜ್ಯದ ಆಹಾರ ಸುರಕ್ಷತಾ ಇಲಾಖೆಯ ತಪಾಸಣೆಯಲ್ಲಿ ಕಂಡುಬಂದು, ಸರ್ಕಾರ ಆ ಪದ್ಧತಿಯನ್ನು ತಡೆಯಲು ಮುಂದಾಯಿತು. ಹಬೆಯಲ್ಲಿ ಬೇಯುವ ಇಡ್ಲಿಗೆ ಒದ್ದೆ ಬಟ್ಟೆಯೋ ಬಾಳೆಎಲೆಯೋ ತಕ್ಕದ್ದು. ಬಿಸಿ ಪದಾರ್ಥ ತರಲು ಸ್ಟೀಲಿನ ಡಬ್ಬಿಯನ್ನು ಒಯ್ಯುವುದು ಸಂಕೋಚದ ವಿಷಯವೇನಲ್ಲ. ಒಮ್ಮೆ ಬಳಸಿ ಬಿಡಬೇಕಾದ ನೀರಿನ ಬಾಟಲಿಯನ್ನು ವರ್ಷಗಟ್ಟಲೆ ತುಂಬಿ ಕುಡಿಯುವುದೂ, ಅದಕ್ಕೆ ಬಿಸಿನೀರು ಹಾಕುವುದೂ ತರವಲ್ಲ.

ಎಸೆದ ಹೊದಿಕೆ ಎಲ್ಲಿಗೆ ಹೋಗುತ್ತದೆ ಎಂಬುದೂ ಆರೋಗ್ಯದ ಪ್ರಶ್ನೆಯೇ. ಅನ್ನದ ವಾಸನೆಗೆ ಚೀಲಸಹಿತ ನುಂಗಿದ ಹಸುವಿನ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಕರಗದೆ ಗಂಟುಕಟ್ಟುತ್ತದೆ. ನೀರೊಲೆಗೆ ಹಾಕಿ ಸುಟ್ಟರೆ ಅದರ ವಿಷದ ಹೊಗೆಯನ್ನು ಮನೆಯವರೇ ಉಸಿರಾಡುತ್ತಾರೆ. ಕರ್ನಾಟಕ ಸರ್ಕಾರ 2016ರಲ್ಲಿಯೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚೆಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳ ನಿಷೇಧ ದೇಶದಾದ್ಯಂತ ಜಾರಿಗೆ ಬಂದಿದೆ. ಜಾತ್ರೆ, ಉತ್ಸವಗಳ ದಾಸೋಹಕ್ಕೆ ಮುತ್ತುಗದ ಎಲೆ, ಬಾಳೆಎಲೆ, ಅಡಿಕೆ ಹಾಳೆಯ ತಟ್ಟೆಗಳು ನಮ್ಮಲ್ಲಿ ಹೇರಳವಾಗಿವೆ. ಮನೆಗೆ ಪ್ರಸಾದ ಒಯ್ಯುವ ಭಕ್ತರು ಬರುವಾಗಲೇ ಒಂದು ಡಬ್ಬಿ ತಂದರೆ ಚೀಲದ ಪ್ರಶ್ನೆಯೇ ಏಳದು.

ಓದಿ ಹೇಳುವವರು ಯಾರು?

ಇಷ್ಟೆಲ್ಲ ಹೇಳಿದ ಮೇಲೂ ಒಂದು ತೊಡಕು ಉಳಿಯುತ್ತದೆ. ಆ ಓಲೆ ಇರುವುದು ಸಣ್ಣ ಅಕ್ಷರಗಳಲ್ಲಿ, ಹೆಚ್ಚಾಗಿ ಇಂಗ್ಲಿಷಿನಲ್ಲಿ. ಆಹಾರದ ಪೊಟ್ಟಣದ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಬೇಕೆಂಬುದು ಕೇಂದ್ರದ ನಿಯಮ. ಪ್ರಾದೇಶಿಕ ಭಾಷೆಯನ್ನು ಸೇರಿಸುವುದು ತಯಾರಕರ ಇಚ್ಛೆಗೆ ಬಿಟ್ಟದ್ದು. ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಮೇಲೆ ಅವುಗಳ ಹೆಸರೂ ಬಳಕೆಯ ಸೂಚನೆಯೂ ಕನ್ನಡದಲ್ಲಿಯೂ ಇರಬೇಕೆಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಹೇಳುತ್ತದೆ. ಅದು ಪೂರ್ಣವಾಗಿ ಆಚರಣೆಗೆ ಬಂದರೆ ಎಷ್ಟೋ ಮನೆಗಳಿಗೆ ಉಪಕಾರವಾದೀತು.

ಅಲ್ಲಿಯವರೆಗೆ ಈ ಕೆಲಸವನ್ನು ನಮ್ಮ ಮನೆಯ ಶಾಲಾ ಮಕ್ಕಳಿಗೆ ವಹಿಸೋಣ. ಏಳನೆಯ, ಎಂಟನೆಯ ತರಗತಿಯ ಬಾಲಕ ಬಾಲಕಿಯರಿಗೆ ಇಂಗ್ಲಿಷ್ ಅಕ್ಷರ ಬರುತ್ತದೆ, ಗುಣಾಕಾರ ಬರುತ್ತದೆ, ಕಣ್ಣೂ ಚುರುಕಾಗಿದೆ. ತಿಂಗಳ ಸಂತೆ ಮನೆಗೆ ಬಂದ ದಿನ ಅವರನ್ನು ಕೂರಿಸಿಕೊಂಡು ಒಂದೊಂದು ಪೊಟ್ಟಣದ ಹಿಂಭಾಗವನ್ನು ಓದಿಸಬೇಕು: ಪಟ್ಟಿಯಲ್ಲಿ ಮೊದಲ ಮೂರು ಪದಾರ್ಥಗಳು ಯಾವುವು, ಸೋಡಿಯಂ ಎಷ್ಟು, ಸಕ್ಕರೆ ಎಷ್ಟು, ದಿನಾಂಕ ಯಾವುದು. ಅಜ್ಜನ ಮಾತ್ರೆಯ ಹಾಳೆಯ ಮೇಲೆ ಔಷಧದ ಹೆಸರನ್ನೂ ಬೆಳಿಗ್ಗೆಯದೋ ರಾತ್ರಿಯದೋ ಎಂಬುದನ್ನೂ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದು ಅಂಟಿಸುವುದನ್ನು, ದೊಡ್ಡವರು ಒಮ್ಮೆ ಪರಿಶೀಲಿಸುವ ಏರ್ಪಾಡಿನೊಡನೆ, ಅವರಿಗೇ ಒಪ್ಪಿಸಬಹುದು. ಅಜ್ಜನಿಗೆ ಔಷಧ ತಪ್ಪುವುದಿಲ್ಲ. ತಾನು ಬೇಡುವ ತಿನಿಸಿನೊಳಗೆ ಏನಿದೆ ಎಂಬುದು ಮೊಮ್ಮಗುವಿಗೂ ತಿಳಿಯುತ್ತದೆ.